ವಾದ ಮುಗಿದ ಮೇಲೆ ಊಟಕ್ಕೆ ಕೂರೋಣ

(ಮೈಸೂರಿನಲ್ಲಿ ವಿಚಾರವಾದಿ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಗೆಳೆಯರೇ, ಅಕ್ಕಂದಿರೇ, ಹಿಂದಿನ ಸಾಲಲ್ಲಿ ಕೂತಿರುವ ಹುಡುಗ ಹುಡುಗಿಯರೇ,

ದೇವರು ಇದ್ದಾನೋ ಇಲ್ಲವೋ ಅಂತ ನಾನು ಇವತ್ತು ವಾದ ಮಾಡುವುದಿಲ್ಲ. ಇಲ್ಲಿರುವ ಬಹಳಷ್ಟು ಜನ ಆ ಪ್ರಶ್ನೆಗೆ ನಿಮ್ಮ ಉತ್ತರ ಕಂಡುಕೊಂಡಿದ್ದೀರಿ. ನನ್ನನ್ನು ಕಾಡುತ್ತಿರುವುದು ಅದರ ಮುಂದಿನ ಪ್ರಶ್ನೆ. ದೇವರನ್ನು ಬಿಟ್ಟವರು ಎಲ್ಲಿ ಸೇರುತ್ತಾರೆ? ಯಾವಾಗ ಸೇರುತ್ತಾರೆ? ಸೇರಿ ಏನು ಮಾಡುತ್ತಾರೆ?

ನಮ್ಮ ಮೈಸೂರು, ಮಂಡ್ಯ ಸೀಮೆಯಲ್ಲಿ ಜನ ಸೇರುವ ನೆಪಗಳಿಗೆ ಬರವಿಲ್ಲ. ಊರಹಬ್ಬ, ಮಾರಿಹಬ್ಬ, ನಾಮಕರಣ, ಗೃಹಪ್ರವೇಶ, ಬೀಗರೂಟ, ತಿಥಿ. ಆಷಾಢ ಶುಕ್ರವಾರ ಬಂದರೆ ಚಾಮುಂಡಿ ಬೆಟ್ಟಕ್ಕೆ ಹೋಗುವವರ ಸಾಲು. ಇಲ್ಲೆಲ್ಲ ಪೂಜೆ ನಡೆಯುವುದು ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಜನ ಜನರ ಜೊತೆ ಇರುತ್ತಾರೆ. ಯಾರ ಮಗಳಿಗೆ ಕೆಲಸ ಸಿಕ್ಕಿತು, ಯಾರಿಗೆ ಸಕ್ಕರೆ ಕಾಯಿಲೆ ಬಂತು, ಯಾರ ಮನೆಯಲ್ಲಿ ಕಷ್ಟ ಇದೆ, ಇದೆಲ್ಲ ಗೊತ್ತಾಗುವುದು ಅಲ್ಲೇ. ನಂಬಿಕೆ ಬಿಟ್ಟವರು ಪೂಜೆ ಬಿಟ್ಟರು, ಸರಿ. ಅದರ ಜೊತೆಗೇ ಈ ಒಡನಾಟವೂ ನಿಧಾನಕ್ಕೆ ಕೈಬಿಟ್ಟು ಹೋಗುತ್ತದೆ. ಮೊದಲು ಕರೆಯುತ್ತಾರೆ. ಎರಡು ಸಲ ಹೋಗದಿದ್ದರೆ ಮೂರನೇ ಸಲ ಸುಮ್ನೆ ಬಾಯಿಮಾತಿಗೆ ಹೇಳುತ್ತಾರೆ. ಆಮೇಲೆ ಅದೂ ಇಲ್ಲ.

2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಧರ್ಮ ಯಾವುದು ಅಂತ ಹೇಳದೆ ಉಳಿದವರು ಸುಮಾರು 28.7 ಲಕ್ಷ ಜನ. ಶೇಕಡಾ 0.24. ಅವರೆಲ್ಲ ನಾಸ್ತಿಕರು ಅಂತ ಅಲ್ಲ. ಆದರೆ ನಮ್ಮಂಥವರು ಎಷ್ಟು ಚದುರಿ ಹೋಗಿದ್ದೇವೆ ಅನ್ನುವುದಕ್ಕೆ ಅದೊಂದು ಅಂದಾಜು. ಒಂದು ಬೀದಿಗೆ ಒಬ್ಬರು, ಒಂದು ಆಫೀಸಿಗೆ ಒಬ್ಬರು. ಅದಕ್ಕೇ ನಾವು ಬೇಕೆಂದೇ ಸೇರಬೇಕು. ತಾನಾಗಿ ಸೇರುವ ಅವಕಾಶ ನಮಗೆ ಇಲ್ಲ.

ಈಗ ನಾವು ಸೇರುತ್ತಿಲ್ಲವೇ ಅಂದರೆ, ಸೇರುತ್ತೇವೆ. ಒಂದು ಸಭಾಂಗಣ, ಒಂದು ಮೈಕು, ಮೂವರು ಭಾಷಣಕಾರರು, ವಂದನಾರ್ಪಣೆ. ಪವಾಡ ಬಯಲು ಕಾರ್ಯಕ್ರಮ ಇದ್ದರೆ ಇನ್ನೂ ಸ್ವಲ್ಪ ಜನ. ಇವುಗಳ ಬೆಲೆ ದೊಡ್ಡದು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಶುರುಮಾಡಿದ ವಿಜ್ಞಾನ ವೇದಿಕೆಯನ್ನೇ ನೋಡಿ. ವಾರ ತಪ್ಪದೆ ಉಪನ್ಯಾಸ. ಜನ ಎಷ್ಟೇ ಬರಲಿ, ವಾರ ಬಂದರೆ ಅಲ್ಲಿ ದೀಪ ಉರಿಯುತ್ತಿರುತ್ತದೆ ಅನ್ನುವ ಭರವಸೆ. ಆ ನಿಯಮ ನಮಗೆ ಬೇಕು. ಆದರೆ ಉಪನ್ಯಾಸ ಕೇಳಿ ಎದ್ದು ಹೋಗುವಾಗ ಪಕ್ಕದ ಕುರ್ಚಿಯವರ ಹೆಸರು ಗೊತ್ತಾಗಿರುವುದಿಲ್ಲ ಅಲ್ವಾ? ನನ್ನ ಮಾತೆಲ್ಲ ಆ ಪಕ್ಕದ ಕುರ್ಚಿಯ ಬಗ್ಗೆ.

ಊಟದಿಂದಲೇ ಶುರುಮಾಡುತ್ತೇನೆ.

ಕೇರಳದ ಚೆರಾಯಿಯಲ್ಲಿ 1917ರಲ್ಲಿ ಸಹೋದರನ್ ಅಯ್ಯಪ್ಪನ್ ಅವರು ಒಂದು ಊಟ ಏರ್ಪಡಿಸಿದರು. ಅವರು ಈಳವ ಸಮುದಾಯದವರು. ಪುಲಯರು ಅಂದರೆ ಅವರಿಗಿಂತ ಕೆಳಗೆ ಅಂತ ಸಮಾಜ ಇಟ್ಟಿದ್ದ ಜನ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸಿದರು. ಅಷ್ಟಕ್ಕೇ ಅವರ ಸ್ವಂತ ಜಾತಿಯವರೇ ಅವರನ್ನು ಹೊರಗಿಟ್ಟರು. 'ಪುಲಯನ್ ಅಯ್ಯಪ್ಪನ್' ಅಂತ ಹೆಸರಿಟ್ಟು ಹಂಗಿಸಿದರು. ಅವರು ಆ ಹೆಸರನ್ನೇ ಹೆಮ್ಮೆಯಿಂದ ಇಟ್ಟುಕೊಂಡರು. ಮನುಷ್ಯನಿಗೆ ಜಾತಿ ಬೇಡ, ಮತ ಬೇಡ, ದೈವ ಬೇಡ ಎಂದು ಸಾರಿದ ಮನುಷ್ಯ ಶುರುಮಾಡಿದ್ದು ಅನ್ನದ ಎಲೆಯ ಮುಂದೆ. ಆಂಧ್ರದ ಗೋರಾ ಅವರದೂ ಅದೇ ದಾರಿ. ನಾಸ್ತಿಕ ಅನ್ನುವ ಕಾರಣಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡ ಗೋರಾ, ಹೆಂಡತಿ ಸರಸ್ವತಿಯವರ ಜೊತೆ 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ಅಲ್ಲೂ ಎಲ್ಲ ಜಾತಿಯವರ ಸಹಪಂಕ್ತಿ ಊಟ ದೊಡ್ಡ ಕಾರ್ಯಕ್ರಮವಾಗಿತ್ತು. ಮಗಳು ಮನೋರಮಾ ಮದುವೆಯನ್ನು ದಲಿತ ಯುವಕನ ಜೊತೆ 1948ರಲ್ಲಿ ಸೇವಾಗ್ರಾಮದಲ್ಲಿ ಮಾಡಿದರು.

ಇದು ಹಳೇ ಕಾಲದ ಕತೆ, ಈಗ ಹೋಟೆಲಿನಲ್ಲಿ ಎಲ್ಲರೂ ಒಟ್ಟಿಗೇ ತಿನ್ನುತ್ತೇವಲ್ಲ ಅಂತ ಕೇಳಬಹುದು. ಹೋಟೆಲಿನಲ್ಲಿ ತಿನ್ನುವುದು ಸುಲಭ. ನನ್ನ ಪ್ರಶ್ನೆ ಮನೆಯ ಊಟದ್ದು. ಈ ಕೂಟದಲ್ಲಿರುವ ಎಷ್ಟು ಜನ ಇನ್ನೊಬ್ಬರ ಅಡುಗೆಮನೆ ನೋಡಿದ್ದೀರಿ? 'ನಿಮ್ಮದು ಯಾವ ಜನ?' ಅಂತ ನಮ್ಮ ಕಡೆ ಮಾತಿನ ಮಧ್ಯೆ ಮೆಲ್ಲಗೆ ಕೇಳುತ್ತಾರಲ್ಲ, ಆ ಪ್ರಶ್ನೆ ನಮ್ಮೊಳಗೂ ಸತ್ತಿಲ್ಲ. ದೇವರನ್ನು ಬಿಡುವುದಕ್ಕಿಂತ ಜಾತಿಯನ್ನು ಬಿಡುವುದು ಜಾಸ್ತಿ ಕಷ್ಟ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕು ಅನ್ನುವ ಕೂಗು ಎದ್ದಿದ್ದು ನೆನಪಿದೆ ಅಲ್ವಾ? ಕೆಲವರಿಗೆ ಅದು ಬಾಯಿ ಚಪಲದ ಮಾತು ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ. ಯಾರ ಮನೆಯ ಅಡುಗೆ ಊರ ಮುಂದಿನ ಪಂಕ್ತಿಗೆ ಬರಬಹುದು, ಯಾರದು ಬರಬಾರದು ಅನ್ನುವ ಪ್ರಶ್ನೆ ಅಲ್ಲಿತ್ತು.

ಅದಕ್ಕೇ ನಾನು ಹೇಳುವುದು, ತಿಂಗಳಿಗೊಂದು ಮನೆಯಲ್ಲಿ ಸೇರೋಣ. ಪ್ರತಿ ಮನೆಯವರೂ ಒಂದೊಂದು ಪಾತ್ರೆ ತರಲಿ. ಮುದ್ದೆ, ನಾಟಿಕೋಳಿ ಸಾರು ಒಂದು ಕಡೆ, ಉಪ್ಸಾರು, ಅವರೆಕಾಳು ಹುಳಿ ಇನ್ನೊಂದು ಕಡೆ. ತಿನ್ನದವರಿಗೆ ಬಲವಂತ ಬೇಡ, ತಿನ್ನುವವರಿಗೆ ನಾಚಿಕೆ ಬೇಡ. ಆಯಾ ಪಾತ್ರೆಗೆ ಬೇರೆ ಸೌಟು ಇಟ್ಟರೆ ಸಾಕು, ಎಲ್ಲರೂ ನೆಮ್ಮದಿಯಿಂದ ಉಣ್ಣುತ್ತಾರೆ.

ಇನ್ನೊಂದು ಮಾತು. ನಮ್ಮ ಕೂಟಗಳಿಗೆ ಹೆಂಗಸರು ಯಾಕೆ ಕಡಿಮೆ ಬರುತ್ತಾರೆ ಅಂತ ಪ್ರತಿ ಸಲ ಚರ್ಚೆ ಆಗುತ್ತದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ ಇಟ್ಟರೆ ಅವರು ಹೇಗೆ ಬರುತ್ತಾರೆ? ಆ ಹೊತ್ತಿಗೆ ತಿಂಡಿ ಪಾತ್ರೆ ತೊಳೆದು ಮಧ್ಯಾಹ್ನದ ಅಡುಗೆಗೆ ಒಲೆ ಹಚ್ಚಿರುತ್ತಾರೆ. ಗಂಡ ಮಾತ್ರ ಚೀಲ ಹಾಕಿಕೊಂಡು ಸಮಾನತೆಯ ಬಗ್ಗೆ ಮಾತಾಡಲು ಹೊರಟಿರುತ್ತಾನೆ. ಸಭೆಯ ಹೊತ್ತು ಅವರನ್ನು ಕೇಳಿ ಇಡಿ. ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಗಂಡಸರು ಪಾಳಿ ಹಾಕಿಕೊಳ್ಳಿ. ಊಟ ಆದ ಮೇಲೆ ತೊಳೆಯುವ ಕೆಲಸ ಗಂಡಸರದು ಅಂತ ಮೊದಲೇ ಮಾತಾಗಿರಲಿ. ಇಷ್ಟು ಮಾಡಿ, ಆಮೇಲೆ ಯಾರು ಬರುತ್ತಾರೆ ನೋಡಿ.

ಮಕ್ಕಳ ವಿಷಯ ನನಗೆ ತುಂಬಾ ಮುಖ್ಯ. ಅವರಿಗೆ 'ಇಲ್ಲ' ಅನ್ನುವುದನ್ನೇ ಹೇಳುತ್ತಾ ಬೆಳೆಸಲು ಆಗುವುದಿಲ್ಲ. ಪಕ್ಕದ ಮನೆಯಲ್ಲಿ ಗಣೇಶ ಕೂರಿಸುತ್ತಾರೆ, ನಮ್ಮ ಮನೆಯಲ್ಲಿ ಇಲ್ಲ. ಅವರ ಮನೆಯಲ್ಲಿ ದಸರಾ ಗೊಂಬೆ, ನಮ್ಮಲ್ಲಿ ಇಲ್ಲ. ಹೀಗೆ ಬರೀ ಇಲ್ಲಗಳ ಮಧ್ಯೆ ಬೆಳೆದ ಮಗು ಒಂದು ದಿನ ಅಪ್ಪ ಅಮ್ಮನ ಮೇಲೇ ಸಿಟ್ಟಾಗುತ್ತದೆ. ಮೈಸೂರಿನಲ್ಲಿದ್ದುಕೊಂಡು ಗೊಂಬೆ ಕೂರಿಸುವ ಸಂಭ್ರಮವನ್ನು ಮಕ್ಕಳಿಂದ ಯಾಕೆ ಕಿತ್ತುಕೊಳ್ಳಬೇಕು? ಪಟ್ಟದ ಗೊಂಬೆ ಪಕ್ಕದಲ್ಲೇ ಅವರು ಮಾಡಿದ ಸೌರಮಂಡಲ ಇರಲಿ, ಕನ್ನಂಬಾಡಿ ಕಟ್ಟೆಯ ಮಣ್ಣಿನ ಮಾದರಿ ಇರಲಿ. ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರಲಿ. ಬೀರುವಾಗ ಒಂದು ವಿಷಯ ಹೇಳಿಕೊಡಿ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ರ ಹೊತ್ತಿಗೆ. ಹಬ್ಬ ಬರುವುದು ಜನವರಿ 14, 15ಕ್ಕೆ. ಭೂಮಿಯ ಅಕ್ಷ ಬಲು ನಿಧಾನಕ್ಕೆ ತಿರುಗುತ್ತಿರುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಎರಡರ ನಡುವೆ ಅಂತರ ಬೆಳೆಯುತ್ತಾ ಬಂದಿದೆ. ಇದನ್ನು ಕೇಳಿದ ಮಗುವಿಗೆ ಎಳ್ಳು ಬೆಲ್ಲದ ರುಚಿ ಏನೂ ಕಡಿಮೆ ಆಗುವುದಿಲ್ಲ.

ಮಕ್ಕಳ ಕೂಟಕ್ಕೆ ಒಂದು ಆಟ ಹೇಳುತ್ತೇನೆ, ಖರ್ಚಿಲ್ಲದ್ದು. ಅರಿಶಿನವನ್ನು ನೀರಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಿ. ಬಟ್ಟೆ ಸೋಪಿನ ನೀರಲ್ಲಿ ಕಡ್ಡಿ ಅದ್ದಿ ಅದರ ಮೇಲೆ ಬರೆಯಲು ಹೇಳಿ. ಬರೆದ ಕಡೆಯೆಲ್ಲ ಕೆಂಪಾಗುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಆಮೇಲೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ. ಮದುವಣಗಿತ್ತಿಗೆ ಎತ್ತುವ ಆರತಿ ನೀರು ಸಿದ್ಧ. ಮನೆಯಲ್ಲಿ ಅಜ್ಜಿ ಮಾಡುವುದೂ ಇದನ್ನೇ, ನಿಂಬೆಹಣ್ಣು ಕುಯ್ದು 'ರಕ್ತ' ಬರಿಸುವವನ ಗುಟ್ಟೂ ಇಂಥದ್ದೇ ಅಂತ ಮಕ್ಕಳು ತಾವಾಗಿ ಕಂಡುಕೊಳ್ಳುತ್ತಾರೆ. ಅಜ್ಜಿಯನ್ನು ಹೀಯಾಳಿಸಬೇಕಾಗಿಲ್ಲ. ಅಜ್ಜಿಯನ್ನೇ ಕರೆದು ಮಾಡಿಸಿದರೆ ಇನ್ನೂ ಚೆಂದ.

ಗ್ರಹಣಗಳಂತೂ ನಮ್ಮ ಪಾಲಿಗೆ ಸಿಕ್ಕ ದೊಡ್ಡ ಹಬ್ಬ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆಯಾ? ಮಂಗಳೂರಿನಲ್ಲಿ ಪೂರ್ತಿ ಬಳೆಯಂತೆ ಕಂಡಿತು, ನಮ್ಮ ಮೈಸೂರಿನಲ್ಲಿ ಬಹುಪಾಲು ಮುಚ್ಚಿತು. ಅದೇ ಬೆಳಿಗ್ಗೆ ಕಲಬುರಗಿ ಹತ್ತಿರ ಅಂಗವೈಕಲ್ಯ ಇದ್ದ ಮಕ್ಕಳನ್ನು, ವಾಸಿಯಾಗುತ್ತದೆ ಅಂತ ನಂಬಿ, ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಸುದ್ದಿ ನೋಡಿದ ದಿನದಿಂದ ನನಗೆ ಗ್ರಹಣ ಅಂದರೆ ಬರೀ ಆಕಾಶದ ವಿಷಯವಾಗಿ ಉಳಿದಿಲ್ಲ. ಗ್ರಹಣದ ದಿನ ನಾವು ಮನೆಯೊಳಗೆ ಕೂತು ನಕ್ಕರೆ ಏನು ಬಂತು? ಬೀದಿಗೆ ಬರಬೇಕು. ಹೊಂಗೆ ಮರದ ಕೆಳಗೆ ಜನರನ್ನು ಕರೆದು ನಿಲ್ಲಿಸಬೇಕು. ಎಲೆಗಳ ಸಂದಿಯಿಂದ ಬೀಳುವ ಬೆಳಕಿನ ಚುಕ್ಕೆಗಳು ಯಾವಾಗಲೂ ದುಂಡಗಿರುತ್ತವೆ, ಆವತ್ತು ಒಂದೊಂದೂ ಸಣ್ಣ ಕುಡುಗೋಲಿನ ಆಕಾರಕ್ಕೆ ಬರುತ್ತವೆ. ನೆಲದ ತುಂಬಾ ನೂರಾರು ಸೂರ್ಯರು. ಮನೆಯ ಜರಡಿ ಹಿಡಿದರೂ ಅಷ್ಟೇ, ಒಂದೊಂದು ತೂತಿಗೆ ಒಂದೊಂದು ಸೂರ್ಯ. ಹೆದರಿ ಬಾಗಿಲು ಹಾಕಿಕೊಂಡಿದ್ದ ಹೆಂಗಸರು ಮಗುವನ್ನು ಎತ್ತಿಕೊಂಡು ಬಂದು ಅದನ್ನು ನೋಡುವಾಗ ಅವರ ಮುಖ ನೋಡಬೇಕು ನೀವು.

ಸೂರ್ಯನನ್ನು ನೇರವಾಗಿ ನೋಡುವುದಕ್ಕೆ ಮಾತ್ರ ಗ್ರಹಣಕ್ಕೆಂದೇ ಮಾಡಿದ ಒಳ್ಳೆಯ ಸೌರ ಕನ್ನಡಕವೇ ಬೇಕು. ಎಕ್ಸ್‌ರೇ ಹಾಳೆ, ಕಪ್ಪು ಕನ್ನಡಕ ಬೇಡವೇ ಬೇಡ, ಕಣ್ಣು ಹೋಗುತ್ತದೆ. ಮೂಢನಂಬಿಕೆ ಬಿಡಿಸಲು ಹೋಗಿ ಕಣ್ಣು ಕೆಡಿಸಿದರೆ ಜನ ಇನ್ನು ನಮ್ಮ ಮಾತು ಕೇಳುವುದಿಲ್ಲ. 2027ರ ಆಗಸ್ಟ್ 2ರಂದು, ಸೋಮವಾರ, ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ. ಮಾನಸಗಂಗೋತ್ರಿ ಪಕ್ಕದ ಕುಕ್ಕರಹಳ್ಳಿ ಕೆರೆ ಏರಿ ಒಳ್ಳೆಯ ಜಾಗ ಅಂತ ನನ್ನ ಅನಿಸಿಕೆ. ಚುರುಮುರಿ ಮಾಡಿ ಹಂಚೋಣ, ಗ್ರಹಣ ಬಿಡುವ ತನಕ ಕಾಯುವುದು ಬೇಡ.

ಗ್ರಹಣ ಇಲ್ಲದ ತಿಂಗಳಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಅವನ್ನು ಮನೆಮಕ್ಕಳ ಹಾಗೆ ನೋಡಿಕೊಂಡಿದ್ದಾರೆ.

ಇನ್ನು ಮದುವೆ. ಇದರಲ್ಲಿ ನಮಗೆ ಮನೆಯಲ್ಲೇ ದಾರಿ ತೋರಿದವರಿದ್ದಾರೆ. ಇಲ್ಲೇ ಒಂಟಿಕೊಪ್ಪಲಿನ 'ಉದಯರವಿ'ಯಲ್ಲಿದ್ದ ಕುವೆಂಪು ಅವರು ಮಂತ್ರ ಮಾಂಗಲ್ಯ ಅನ್ನುವ ಸರಳ ಮದುವೆಯ ಪದ್ಧತಿಯನ್ನು ರೂಪಿಸಿದರು. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಮಾಡಿದರು. ಮುಹೂರ್ತ ಇಲ್ಲ, ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ದುಂದಿಲ್ಲ. ಆಮೇಲೆ ರೈತ ಸಂಘದವರು ಇಂಥ ಸರಳ ಮದುವೆಗಳನ್ನು ಹಳ್ಳಿಗಳಿಗೂ ತಂದರು. ಕುವೆಂಪು ನಾಸ್ತಿಕರಲ್ಲ, ಆ ಮದುವೆಯಲ್ಲಿ ಓದುವ ಪಾಠದಲ್ಲಿ ಉಪನಿಷತ್ತಿನ ಛಾಯೆ ಇದೆ. ನಮಗೆ ಬೇಕಾದ ಪ್ರತಿಜ್ಞೆಯನ್ನು ನಾವೇ ಬರೆದುಕೊಳ್ಳಬಹುದು. ಆದರೆ ಕಾನೂನಿನ ಕಡೆ ಗಮನ ಇಡಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರವೂ ಮದುವೆಯ ಭಾಗ. ಶಾಸ್ತ್ರ ನಡೆಯದೆ ಬರೀ ನೋಂದಣಿ ಮಾಡಿಸಿದರೆ ಮದುವೆ ಆದಂತಲ್ಲ ಅಂತ ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ. ಹಾಗಾಗಿ ನಮ್ಮವರಿಗೆ 1954ರ ವಿಶೇಷ ವಿವಾಹ ಕಾಯ್ದೆಯೇ ಗಟ್ಟಿ ದಾರಿ. 30 ದಿನ ಮೊದಲು ನೋಟಿಸು ಕೊಡಬೇಕು, ಮೂವರು ಸಾಕ್ಷಿ ಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಅಂಟಿಸುತ್ತಾರೆ. ಜಾತಿ ಬಿಟ್ಟು ಮದುವೆಯಾಗುವ ಹುಡುಗ ಹುಡುಗಿಗೆ ಆ 30 ದಿನಗಳೇ ಭಯದ ದಿನಗಳು. ಆಗ ಉಳಿಯಲು ಒಂದು ಮನೆ, ಸಹಿ ಹಾಕಲು ಮೂವರು, ಜೊತೆಗೆ ಬರಲು ಒಬ್ಬ ವಕೀಲರು ಇಷ್ಟನ್ನು ನಾವು ಒದಗಿಸಿದರೆ ಅದು ನೂರು ಭಾಷಣಕ್ಕಿಂತ ಹೆಚ್ಚು.

ಈಗ ಸಾವಿನ ಮಾತು. ನನ್ನ ಮಟ್ಟಿಗೆ ನಮ್ಮ ಕೂಟಗಳ ನಿಜವಾದ ಪರೀಕ್ಷೆ ಇಲ್ಲೇ.

ಮಂಡ್ಯ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಜೀವನ ಪೂರ್ತಿ ವಿಚಾರವಾದಿ. 'ನಾನು ಸತ್ತರೆ ಏನೂ ಮಾಡಬೇಡಿ' ಅಂತ ಮಗನಿಗೆ ಹೇಳಿದ್ದರು. ಸತ್ತ ದಿನ ನಮ್ಮವರೆಲ್ಲ ಬಂದು ಹಾರ ಹಾಕಿ ಹೋದರು. ಮೂರನೇ ದಿನ ನಾನು ಹೋದಾಗ ಜಗಲಿ ತುಂಬಾ ನೆಂಟರು. ದೊಡ್ಡಪ್ಪ ಹಾಲು ತುಪ್ಪದ ತಟ್ಟೆ ಹಿಡಿದು ನಿಂತಿದ್ದರು. 'ಏನಪ್ಪಾ, ನಿಮ್ಮಪ್ಪ ಹೇಳ್ದ ಅಂತ ಬುಟ್ಬುಡ್ತೀಯಾ? ನಾಳೆ ಊರೋರು ಏನಂದಾರು? ನಿನ್ ತಂಗಿ ಮದ್ವೆ ಆಗ್ಬೇಕಲ್ಲಪ್ಪಾ' ಅಂದರು. ಆ ಹುಡುಗ ಒಂದು ಸಲ ಅವರ ಮುಖ ನೋಡಿದ, ಒಂದು ಸಲ ಬಾಗಿಲ ಕಡೆ ನೋಡಿದ. ತಾಯಿ ಒಳಗೆ ಗೋಡೆಗೆ ಒರಗಿ ಕೂತಿದ್ದರು. ನೆಂಟರು ಕೆಟ್ಟವರಲ್ಲ. ಮೂರು ದಿನದಿಂದ ಆ ಮನೆಗೆ ಅನ್ನ ಬೇಯಿಸಿ ತಂದವರು ಅವರೇ. ತಾಯಿಯ ಪಕ್ಕ ರಾತ್ರಿ ಮಲಗಿದವರು ಅವರೇ. ಅನ್ನ ತಂದವರ ಮಾತಿಗೆ ತೂಕ ಇರುತ್ತದೆ, ಇರಬೇಕಾದ್ದೇ. ಹುಡುಗ ತಟ್ಟೆ ಕೈಗೆ ತೆಗೆದುಕೊಂಡ. ಅವನ ಮೇಲೆ ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಆ ಮೂರು ದಿನ ನಾವೆಲ್ಲ ಎಲ್ಲಿದ್ದೆವು ಅನ್ನುವ ಪ್ರಶ್ನೆ ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಅದಕ್ಕೇ ಒಂದು ಪಟ್ಟಿ ಮಾಡೋಣ. ನಮ್ಮಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲ ದಿನದಿಂದ ಹನ್ನೊಂದನೇ ದಿನದವರೆಗೆ ಯಾರು ಊಟ ತರುತ್ತಾರೆ, ಯಾರು ರಾತ್ರಿ ಇರುತ್ತಾರೆ, ಬ್ಯಾಂಕು, ಮರಣ ಪತ್ರದ ಓಡಾಟ ಯಾರದು. ಹನ್ನೊಂದನೇ ದಿನ ತಿಥಿಯ ಬದಲು ನುಡಿನಮನ. ಸತ್ತವರ ಫೋಟೊ ಒಂದು, ಅವರನ್ನು ಬಲ್ಲವರ ಮಾತು, ಅವರಿಗೆ ಇಷ್ಟವಾದ ಅಡುಗೆ. ನೆಂಟರನ್ನೂ ಮಾತಾಡಲು ಕರೆಯಬೇಕು. ದೊಡ್ಡಪ್ಪನ ಬಾಯಿಂದ ತಮ್ಮನ ಬಾಲ್ಯದ ಕತೆ ಕೇಳಿದರೆ ಆ ಮನೆಯ ದುಃಖಕ್ಕೆ ಅದಕ್ಕಿಂತ ಬೇರೆ ಸಮಾಧಾನ ಬೇಕಾ?

ಕಣ್ಣು ದಾನ, ದೇಹದಾನದ ಅರ್ಜಿಗೆ ನಮ್ಮಲ್ಲಿ ಬಹಳ ಜನ ಸಹಿ ಹಾಕಿದ್ದೀರಿ. ಅರ್ಜಿ ಬೀರುವಿನಲ್ಲಿದ್ದರೆ ಪ್ರಯೋಜನ ಇಲ್ಲ. ಕೊನೆಗೆ ಒಪ್ಪಿ ಕೊಡಬೇಕಾದವರು ಮನೆಯವರು. ಬದುಕಿರುವಾಗಲೇ ಅವರನ್ನು ಕೂರಿಸಿಕೊಂಡು ಮಾತಾಡಿ, ನಿಮ್ಮಿಂದ ಆಗದಿದ್ದರೆ ನಮ್ಮಲ್ಲಿ ಯಾರನ್ನಾದರೂ ಕರೆದುಕೊಂಡು ಹೋಗಿ. ಕಣ್ಣನ್ನು ಸತ್ತ ಆರು ಗಂಟೆಯೊಳಗೆ ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನು ಆರಿಸಿ, ತಲೆಯ ಕೆಳಗೆ ದಿಂಬು ಕೊಟ್ಟು ಎತ್ತರಿಸಬೇಕು. ದೇಹವನ್ನು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಬೇಗ ಮುಟ್ಟಿಸಬೇಕು. ಮರಣೋತ್ತರ ಪರೀಕ್ಷೆ ಆಗಿದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅಳುತ್ತಿರುವ ಮನೆಯಲ್ಲಿ ಇದೆಲ್ಲ ಯಾರಿಗೂ ಹೊಳೆಯುವುದಿಲ್ಲ, ಫೋನು ಮಾಡಲು ಹೊರಗಿನ ಒಬ್ಬರು ಬೇಕೇ ಬೇಕು.

ಒಂದು ಎಚ್ಚರಿಕೆಯ ಮಾತು. 2013ರಲ್ಲಿ ಪುಣೆಯಲ್ಲಿ ಮೂಢನಂಬಿಕೆ ವಿರುದ್ಧ ದುಡಿದ ದಾಭೋಲ್ಕರ್, 2015ರಲ್ಲಿ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್, ಮೂವರನ್ನೂ ಗುಂಡಿಟ್ಟು ಕೊಂದರು. ಇಲ್ಲಿ ಬರುವ ಕೆಲವರು ಮನೆಗೆ ಹೇಳದೆ ಬರುತ್ತಾರೆ. ಪಿಜಿಯಲ್ಲಿ ಇರುವ ಹುಡುಗಿ ಇರಬಹುದು, ಗಂಡನ ಮನೆಯಲ್ಲಿ ಬಾಯಿ ಬಿಡಲಾಗದ ಸೊಸೆ ಇರಬಹುದು. ಅವರನ್ನು ಕೇಳದೆ ಫೋಟೊ ತೆಗೆದು ವಾಟ್ಸಾಪಿಗೆ ಹಾಕಬೇಡಿ. 'ಧೈರ್ಯವಾಗಿ ಹೇಳ್ಕೊಳ್ಳಮ್ಮಾ' ಅಂತ ಬುದ್ಧಿವಾದವೂ ಬೇಡ. ಯಾವಾಗ ಹೇಳಬೇಕು ಅಂತ ಅವರಿಗೇ ಗೊತ್ತು.

ಹೊರಗಿನ ಊರುಗಳಲ್ಲೂ ಈ ಹುಡುಕಾಟ ನಡೆದಿದೆ. ನಾರ್ವೆಯಲ್ಲಿ ಚರ್ಚಿನ ದೀಕ್ಷೆಯ ಬದಲು ಹದಿಹರೆಯದ ಮಕ್ಕಳಿಗೆ ಮತವಿಲ್ಲದ ಸಮಾರಂಭ 1951ರಿಂದ ಇದೆ, ಅದಕ್ಕೆ ಮೊದಲು ತಿಂಗಳುಗಟ್ಟಲೆ ಪಾಠ, ಚರ್ಚೆ. ಲಂಡನ್ನಿನಲ್ಲಿ 2013ರ ಜನವರಿಯಲ್ಲಿ ಇಬ್ಬರು ಹಾಸ್ಯ ಕಲಾವಿದರು ಹಳೆಯ ಚರ್ಚೊಂದರಲ್ಲಿ ದೇವರಿಲ್ಲದ ಭಾನುವಾರದ ಸಭೆ ಶುರುಮಾಡಿದರು. ಹಾಡು, ಒಂದು ಉಪನ್ಯಾಸ, ಕೊನೆಗೆ ಚಹಾ. ಬೇಗ ಹಬ್ಬಿತು, ಮುಂದೆ ಹಲವು ಕಡೆ ಸೊರಗಿತು. ನಾರ್ವೆಯದು ಉಳಿದು ಬೆಳೆಯಿತು. ಮನೆಯ ಮಗುವಿನ ಬದುಕಿನ ಒಂದು ದೊಡ್ಡ ದಿನಕ್ಕೆ ಅದು ಬೇಕಾಯಿತು, ಅದೇ ಕಾರಣ ಇರಬೇಕು ಅಂತ ನಾನು ತಿಳಿದಿದ್ದೇನೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಕಾಲೇಜು ಹುಡುಗ ಕೇಳಿದ: 'ಸರ್, ಹೀಗೆ ಊಟ, ಹಬ್ಬ, ಹನ್ನೊಂದನೇ ದಿನ ಅಂತ ಹೊರಟರೆ ನಾವೂ ಒಂದು ಮಠ ಆಗಿಬಿಡಲ್ವಾ?'

ಆಗಬಹುದಪ್ಪಾ, ಭಯ ಇಟ್ಟುಕೋ. ಲೆಕ್ಕಪುಸ್ತಕ ಎಲ್ಲರ ಮುಂದೆ ಇರಲಿ. ನಡೆಸುವವರು ವರ್ಷಕ್ಕೊಮ್ಮೆ ಬದಲಾಗಲಿ. ಯಾರ ಕಾಲಿಗೂ ಯಾರೂ ಬೀಳಬಾರದು. ಇವತ್ತು ನಾನು ಹೇಳಿದ್ದನ್ನು ಮುಂದಿನ ತಿಂಗಳು ನೀನೇ ಇದೇ ಜಾಗದಲ್ಲಿ ನಿಂತು ತಪ್ಪು ಅಂತ ಹೇಳಲು ಸಾಧ್ಯವಾಗಬೇಕು.

ಒಬ್ಬ ಹೆಣ್ಣುಮಗಳು ಕೇಳಿದಳು: 'ನಮ್ಮಮ್ಮ ದಿನಾ ಪೂಜೆ ಮಾಡ್ತಾರೆ. ನಾನು ಇಲ್ಲಿಗೆ ಬರೋದು ಅವರಿಗೆ ಗೊತ್ತು, ಬೇಜಾರು ಮಾಡ್ಕೋತಾರೆ. ಅವರನ್ನ ಒಂದ್ಸಲ ಕರ್ಕೊಂಡು ಬರಬಹುದಾ?'

ಖಂಡಿತ ಕರ್ಕೊಂಡು ಬಾಮ್ಮಾ. ಭಾಷಣದ ದಿನ ಬೇಡ, ಊಟದ ದಿನ ಕರ್ಕೊಂಡು ಬಾ. ಅವರ ಹಣೆಯ ಕುಂಕುಮದ ಬಗ್ಗೆ ಇಲ್ಲಿ ಯಾರೂ ಚಕಾರ ಎತ್ತುವುದಿಲ್ಲ, ಎತ್ತಿದರೆ ನಾನಿದ್ದೇನೆ. ಮಗಳು ಎಂಥವರ ಜೊತೆ ಇರುತ್ತಾಳೆ ಅಂತ ತಾಯಿ ಕಣ್ಣಾರೆ ನೋಡಿಕೊಂಡು ಹೋಗಲಿ. ಏನು ಅಡುಗೆ ಇಷ್ಟ ಅಂತ ಮೊದಲೇ ಕೇಳಿ ತಿಳಿಸು. ಮುಂದಿನ ಕೂಟ ನಮ್ಮ ಮನೆಯಲ್ಲೇ.